ಬೀಗ ಬಿದ್ದ ದಾಖಲೆಗಳ ಮುಂದೆ ಗಿರಿಜಾಂಬಾ

ಬನ್ನಿಮಂಟಪದ ಆ ಹೆರಿಗೆ ಆಸ್ಪತ್ರೆಯ ಮುಂಬಾಗಿಲು ಇನ್ನೂ ತೆರೆದಿಲ್ಲ. ಪಕ್ಕದ ಸಣ್ಣ ಗೇಟಿನಿಂದ ಒಳಗೆ ಬರುವ ಗಿರಿಜಾಂಬಾ ಚಪ್ಪಲಿ ಬಿಟ್ಟು, ಮಹಡಿ ಮೆಟ್ಟಿಲಿನ ಕೆಳಗಿರುವ ಇಕ್ಕಟ್ಟು ಕೋಣೆಯ ದೀಪ ಹಾಕುತ್ತಾರೆ. ಅಲ್ಲಿ ಬಣ್ಣ ಹಳದಿಗೆ ತಿರುಗಿದ ಹಳೆಯ ಕಂಪ್ಯೂಟರ್ ಒಂದಿದೆ. ಅದು ಗುರುಗುಟ್ಟುತ್ತ ಎಚ್ಚರಗೊಳ್ಳುವಷ್ಟರಲ್ಲಿ ಅವರು ಸೆರಗು ಸಿಕ್ಕಿಸಿಕೊಂಡು, ಕನ್ನಡಕ ಒರೆಸಿಕೊಂಡು ಕುಳಿತಾಗಿರುತ್ತದೆ.

ಪರದೆಯ ತುಂಬ ಓದಲಾಗದ ಚಿಹ್ನೆಗಳು. ನಡುನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ ಅರ್ಧ ಹೆಸರು, ಒಂದು ರಕ್ತದ ಗುಂಪು, ಒಂದು ಔಷಧಿ. ಗಿರಿಜಾಂಬಾ ಪರದೆಗೆ ಬೆರಳು ತಾಗಿಸಿಕೊಂಡು, ಅಕ್ಕಿಯಲ್ಲಿ ಕಲ್ಲು ಹುಡುಕುವವರಂತೆ ಒಂದೊಂದನ್ನೇ ಹೆಕ್ಕಿ ಪಕ್ಕದ ಹೊಸ ಕಂಪ್ಯೂಟರಿಗೆ ಸೇರಿಸುತ್ತಾರೆ. ಮೇಲಿನ ವಾರ್ಡಿನಿಂದ ಎಳೆಗೂಸಿನ ಅಳು ಕೇಳಿದರೆ ಕೈ ಒಂದು ಗಳಿಗೆ ನಿಲ್ಲುತ್ತದೆ. ಒಂದು ಬೆಳಿಗ್ಗೆಗೆ ಎರಡೋ ಮೂರೋ ತಾಯಂದಿರ ವಿವರ ಸಿಕ್ಕಿದರೆ ಹೆಚ್ಚು. ಒಂಬತ್ತಕ್ಕೆ ಅವರು ಸರಸ್ವತಿಪುರದ ಡಿಟಿಪಿ ಅಂಗಡಿಯಲ್ಲಿರಬೇಕು. ಹೊಟ್ಟೆಪಾಡಿನ ಕೆಲಸ ಅಲ್ಲಿಯದು. ಈ ಕೆಲಸಕ್ಕೆ ಅವರು ಯಾರಿಂದಲೂ ಏನನ್ನೂ ತೆಗೆದುಕೊಳ್ಳುವುದಿಲ್ಲ.

ಇದು ಐದು ವರ್ಷದಿಂದ ನಡೆದಿದೆ. ಲೇಖನ ಬರೆಯುತ್ತೇನೆಂದು ನಾನು ಮೊದಲ ಸಲ ಹೋದಾಗ ಅವರು ಮುಖ ಕೊಟ್ಟು ಮಾತಾಡಲಿಲ್ಲ. ಎರಡನೇ ಸಲ ಹೋದಾಗ, "ಹೊಗಳಿ ಬರೆಯೋದಾದ್ರೆ ಬೇಡ ಸರ್. ಆಗಿದ್ದನ್ನ ಆದಂಗೇ ಬರೀತೀನಿ ಅಂದ್ರೆ ಕೂತ್ಕೊಳ್ಳಿ" ಎಂದರು.

ಗಿರಿಜಾಂಬಾ ಹುಟ್ಟಿ ಬೆಳೆದದ್ದು ವಿದ್ಯಾರಣ್ಯಪುರದಲ್ಲಿ. ತಂದೆ ಸದಾಶಿವಯ್ಯನವರು ಮಠವೊಂದರ ವಿದ್ಯಾರ್ಥಿನಿಲಯದಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಮಗಳು ಬಿ.ಎಸ್ಸಿ. ಮುಗಿಸಿ, ಸಂಜೆ ಕಂಪ್ಯೂಟರ್ ತರಗತಿಗೆ ಹೋಗಿ, ತೊಂಬತ್ತರ ದಶಕದ ನಡುವಿನಲ್ಲಿ ಡಾ. ಪ್ರಭುಸ್ವಾಮಿಯವರ ಈ ಆಸ್ಪತ್ರೆಗೆ ಸೇರಿದರು. ಹೆರಿಗೆಗೆ ಬಂದವರ ವಿವರಗಳನ್ನೆಲ್ಲ ಕಂಪ್ಯೂಟರಿಗೆ ಹಾಕುವ ಏರ್ಪಾಡು ಮಾಡಬೇಕೆಂಬುದು ಡಾಕ್ಟರ ಆಸೆಯಾಗಿತ್ತು.

ಆ ದಿನಗಳಲ್ಲಿ ಮೈಸೂರಿನ ಹೋಟೆಲೊಂದರ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ಸಾಫ್ಟ್‌ವೇರ್ ಬರೆಯುವವರ ಸಮ್ಮೇಳನ ನಡೆಯುತ್ತಿತ್ತು. ೧೯೯೭ರಲ್ಲಿ ಡಾಕ್ಟರು ಗಿರಿಜಾಂಬಾ ಅವರನ್ನೂ ಕರೆದುಕೊಂಡು ಹೋದರು. ಡೇಟಾಬೇಸ್ ಕಟ್ಟುವ ಹೊಸ ಸಾಧನವೊಂದರ ಬಗ್ಗೆ ಅದನ್ನು ಮಾರುವ ಕಂಪನಿಯವನೊಬ್ಬ ಅಲ್ಲಿ ಮಾತಾಡಿದ. ಪರದೆಯ ಮೇಲೆ ಫಾರಂ ಚಿತ್ರಿಸಿದರೆ ಸಾಕು, ಹಿಂದಿನ ಕೆಲಸವನ್ನೆಲ್ಲ ಅದೇ ಮಾಡಿಕೊಳ್ಳುತ್ತದೆ. ಆದರೆ ಮಾಹಿತಿಯೆಲ್ಲ ಅದರದೇ ಗೂಢ ರೂಪದಲ್ಲಿ ಕೂಡಿರುತ್ತದೆ. ವರ್ಷಕ್ಕೊಮ್ಮೆ ಕಂಪನಿ ಕಳಿಸುವ ಸಂಖ್ಯೆಯನ್ನು ಒತ್ತಿದರೆ ಮಾತ್ರ ತೆರೆದುಕೊಳ್ಳುತ್ತದೆ. ಗಿರಿಜಾಂಬಾ ಎದ್ದು ನಿಂತು, ಕಂಪನಿ ಮುಚ್ಚಿಹೋದರೆ ನಮ್ಮ ಮಾಹಿತಿ ಹೊರಗೆ ತೆಗೆಯುವುದು ಹೇಗೆ ಎಂದು ಕೇಳಿದರು. ಕರೆಂಟ್ ಕಂಪನಿ ಮುಚ್ಚಬಹುದು ಅಂತ ನೀವು ಮನೆಗೆ ಬಲ್ಬು ಹಾಕಿಸೋದೇ ಬಿಡ್ತೀರಾ ಎಂದು ಅವನು ಮರುಪ್ರಶ್ನೆ ಹಾಕಿದ. ಸಭೆ ನಕ್ಕಿತು. ಇವರು ಕುಳಿತುಬಿಟ್ಟರು.

ಆ ಸಾಧನವನ್ನೇ ಡಾಕ್ಟರು ಕೊಂಡರು. ಗಿರಿಜಾಂಬಾ ಅದರಲ್ಲಿ ಆಸ್ಪತ್ರೆಯ ಇಡೀ ವ್ಯವಸ್ಥೆಯನ್ನು ಕಟ್ಟಿದರು, ಚೆನ್ನಾಗಿಯೇ ಕಟ್ಟಿದರು. ಹೆಸರು ಒತ್ತಿದರೆ ಹಿಂದಿನ ಹೆರಿಗೆ, ರಕ್ತದ ಗುಂಪು, ಮೈಗೆ ಆಗದ ಔಷಧಿ ಎಲ್ಲವೂ ಪರದೆಗೆ ಬರುತ್ತಿತ್ತು. ಸುದ್ದಿ ಕಂಪನಿಗೆ ಮುಟ್ಟಿತು. ಮರುವರ್ಷದ ಸಮ್ಮೇಳನದಲ್ಲಿ ವೇದಿಕೆ ಹತ್ತಿ ಮಾತಾಡಿ ಎಂದು ಅವರು ಇವರನ್ನೇ ಕರೆದರು.

"ನಾನು ಆಗ ನೆಲದ ಮೇಲಿರಲಿಲ್ಲ" ಎನ್ನುತ್ತಾರೆ ಗಿರಿಜಾಂಬಾ. "ಮದುವೆಗೆ ಉಟ್ಟಿದ್ದ ರೇಷ್ಮೆ ಸೀರೇನೇ ಉಟ್ಕೊಂಡು ಹೋದೆ. ಇಷ್ಟು ಜನ ಓದಿರೋರು ನನ್ನ ಮಾತು ಕೇಳ್ತಾರಲ್ಲ ಅಂತ."

ಸಮ್ಮೇಳನಕ್ಕೆ ಕೆಲವು ದಿನ ಮುಂಚೆ ಆಸ್ಪತ್ರೆಯಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಹಳೆಯ ವಿವರಗಳೆಲ್ಲ ಕಂಪ್ಯೂಟರ್ ಸೇರಿದ್ದರಿಂದ, ಒಂದು ಕೋಣೆ ತುಂಬ ಇದ್ದ ಕಾಗದಗಳನ್ನು ಏನು ಮಾಡುವುದೆಂಬ ಮಾತು ಬಂತು. ಇನ್ನೊಂದಷ್ಟು ದಿನ ಇರಲಿ ಎಂದರು ಡಾಕ್ಟರು. ಗಿರಿಜಾಂಬಾ ಹಟ ಹಿಡಿದು ಎಲ್ಲವನ್ನೂ ರದ್ದಿಯವನಿಗೆ ಹಾಕಿಸಿದರು. ಮುಂದೆಯೂ ಕಾಗದದಲ್ಲಿ ಬರೆದಿಡುವುದು ಬೇಡ ಎಂದು ಗೊತ್ತುಮಾಡಿದರು. ಯಾಕೆ ಎಂದು ನಾನು ಕೇಳಿದೆ.

"ವೇದಿಕೆ ಮೇಲೆ ಹೇಳೋಕೆ ಚೆನ್ನಾಗಿರುತ್ತೆ ಅಂತ ಸರ್. ಕಾಗದ ಇದ್ದ ಕೋಣೇಲಿ ಈಗ ಮಕ್ಕಳ ತೊಟ್ಟಿಲು ಇದೆ ಅಂತ ಹೇಳ್ದೆ. ಜನ ಚಪ್ಪಾಳೆ ತಟ್ಟಿದ್ರು. ಆ ಒಂದು ಮಾತಿಗೋಸ್ಕರ ಮಾಡಿದ್ದು."

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ವಯಸ್ಸಾದವರೊಬ್ಬರು ಎದ್ದು, ಕಂಪನಿ ಇಲ್ಲವಾದರೆ ಏನು ಗತಿ ಎಂದು ಕೇಳಿದರು. ಗಿರಿಜಾಂಬಾ ಬಲ್ಬಿನ ಮಾತನ್ನೇ ಹೇಳಿದರು. ಸಭೆ ಆಗಲೂ ನಕ್ಕಿತು. ಆ ಹಿರಿಯರು ಕುಳಿತರು. ಆ ದಿನದ ಮಾತು ನಂಬಿ ವಿದ್ಯಾರಣ್ಯಪುರದ ನರ್ಸಿಂಗ್ ಹೋಂ ಒಂದು ಅದೇ ಸಾಧನವನ್ನು ಕೊಂಡಿತು.

೨೦೦೧ರ ಏಪ್ರಿಲ್‌ನಲ್ಲಿ ಹೊಸ ಸಂಖ್ಯೆ ಬರಲಿಲ್ಲ. ಫೋನು ಮಾಡಿದರೆ ಎತ್ತುವವರಿಲ್ಲ. ಕಂಪನಿ ಬಾಗಿಲು ಹಾಕಿತ್ತು. ಪ್ರೋಗ್ರಾಂ ತೆರೆದರೆ ಅವಧಿ ಮುಗಿದಿದೆ ಎಂಬ ಒಂದು ಸಾಲು ತೋರಿಸಿ ಮುಚ್ಚಿಕೊಳ್ಳುತ್ತಿತ್ತು. ಗಿರಿಜಾಂಬಾ ಕಂಪ್ಯೂಟರಿನ ದಿನಾಂಕವನ್ನು ಹಿಂದಕ್ಕೆ ತಿರುಗಿಸಿ ನೋಡಿದರು, ಗುರುತಿನ ಎಂಜಿನಿಯರುಗಳನ್ನು ಕರೆಸಿದರು. ಏನೂ ನಡೆಯಲಿಲ್ಲ. ಡಾಕ್ಟರು ಗಾಬರಿಯಾಗುತ್ತಾರೆಂದು ಎರಡು ದಿನದಲ್ಲಿ ಸರಿಹೋಗುತ್ತೆ ಎಂದು ಹೇಳುತ್ತ ಹೇಳುತ್ತ ಮೂರು ವಾರ ಕಳೆದರು.

ಆಗ ಬಂದವರು ದಟ್ಟಗಳ್ಳಿಯ ಸುಮಿತ್ರಮ್ಮ, ಮಗಳು ಅಕ್ಷತಾಳ ಎರಡನೇ ಹೆರಿಗೆಗೆ. ಮೊದಲ ಹೆರಿಗೆ ಇಲ್ಲಿಯೇ ಆಗಿತ್ತು. ಆಗ ಯಾವುದೋ ಇಂಜೆಕ್ಷನ್ ಆಗದೆ ಹುಡುಗಿಯ ಮೈಯೆಲ್ಲ ದದ್ದು ಎದ್ದಿತ್ತು. ಡಾಕ್ಟರು ಅದನ್ನು ಕಂಪ್ಯೂಟರಿನಲ್ಲಿ ಬರೆಸಿದ್ದು ಸುಮಿತ್ರಮ್ಮನವರಿಗೆ ನೆನಪಿತ್ತು, ಇಂಜೆಕ್ಷನ್ನಿನ ಹೆಸರು ನೆನಪಿರಲಿಲ್ಲ. ಮಗಳನ್ನು ಒಳಗೆ ಕರೆದುಕೊಂಡ ಕೂಡಲೇ ಅವರು ಗಿರಿಜಾಂಬಾ ಅವರ ಮೇಜಿನ ಹತ್ತಿರ ಬಂದು, "ಅದೇನೋ ಆಗಲ್ಲ ಅಂತ ಬರ್ಕೊಂಡಿದ್ರಲ್ಲಮ್ಮ, ಒಂಚೂರು ನೋಡಿ ಹೇಳಿ" ಎಂದರು.

"ಕಂಪ್ಯೂಟ್ರು ರಿಪೇರಿಗೆ ಹೋಗಿದೆ ಅಂದ್ಬುಟ್ಟೆ" ಎನ್ನುವಾಗ ಗಿರಿಜಾಂಬಾ ಅವರ ದನಿ ತಗ್ಗುತ್ತದೆ. "ಅದು ನನ್ನ ಮುಂದೇನೇ ಇತ್ತು, ಪ್ಲಾಸ್ಟಿಕ್ ಕವರ್ ಹೊದಿಸಿದ್ದೆ. ಆ ಯಮ್ಮ ಅದನ್ನೂ ನೋಡಿದ್ರು, ನನ್ನ ಮುಖಾನೂ ನೋಡಿದ್ರು. ಆಮೇಲೆ ಮಗಳ ಹತ್ರ ಹೋಗ್ಬಿಟ್ರು."

ಹೆರಿಗೆ ಕಷ್ಟವಾಯಿತು. ಡಾಕ್ಟರು ತಮ್ಮ ನೆನಪಿನ ಮೇಲೆ, ಹಿಂದೆ ಮೈಗೆ ಆಗದಿದ್ದದ್ದು ಇದಲ್ಲ ಎಂದುಕೊಂಡು ಒಂದು ಇಂಜೆಕ್ಷನ್ ಕೊಟ್ಟರು. ಅದೇ ಅದಾಗಿತ್ತು. ಅಕ್ಷತಾಳ ಮುಖ ಊದಿ ಉಸಿರು ಕಟ್ಟತೊಡಗಿತು. ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಮಗು ಇಲ್ಲಿ, ತಾಯಿ ಅಲ್ಲಿ. ಮೂರು ದಿನ ಕಳೆದ ಮೇಲೆ ಆಕೆ ಕಣ್ಣು ಬಿಟ್ಟು ಮಗುವನ್ನು ಕೇಳಿದಳು.

ತಪ್ಪು ತಮ್ಮದೇ ಎನ್ನುತ್ತಾರೆ ಡಾ. ಪ್ರಭುಸ್ವಾಮಿ. ಮೊದಲು ಸ್ವಲ್ಪ ಕೊಟ್ಟು ಪರೀಕ್ಷಿಸಬೇಕಿತ್ತು, ಅವಸರದಲ್ಲಿ ಬಿಟ್ಟೆ ಎಂದು ಅವರು ನನ್ನೆದುರೇ ಒಪ್ಪಿಕೊಂಡರು. ಗಿರಿಜಾಂಬಾ ಅವರನ್ನು ಕೆಲಸದಿಂದ ತೆಗೆಯಲಿಲ್ಲ. ತಾವಾಗಿ ಬಿಟ್ಟವರು ಅವರೇ. ಬಿಡುವಾಗ ಒಂದೇ ಒಂದು ಕೇಳಿಕೊಂಡರು: ಬೆಳಿಗ್ಗೆ ಹೊತ್ತು ಆ ಹಳೆಯ ಕಂಪ್ಯೂಟರಿನ ಮುಂದೆ ಕೂರಲು ಅವಕಾಶ. ಪ್ರೋಗ್ರಾಂ ತೆರೆಯದಿದ್ದರೂ ಮಾಹಿತಿಯ ಫೈಲನ್ನು ಹಾಗೆಯೇ ತೆರೆದರೆ ಚಿಹ್ನೆಗಳ ನಡುವೆ ಅಲ್ಲಲ್ಲಿ ಅಕ್ಷರ ಕಾಣುತ್ತದೆಂದು ಅವರಿಗೆ ಅಷ್ಟರಲ್ಲಿ ಗೊತ್ತಾಗಿತ್ತು.

ಇದಕ್ಕೆಂದೇ ಪ್ರೋಗ್ರಾಂ ಬರೆದು ಒಂದೇ ಏಟಿಗೆ ಮಾಹಿತಿ ತೆಗೆಯಬಹುದಲ್ಲ ಎಂದು ನಾನು ಕೇಳಿದೆ. ಪರಿಚಯದವರೊಬ್ಬರು ಬರೆದುಕೊಟ್ಟಿದ್ದರಂತೆ. ಅದು ಒಬ್ಬಳ ಹೆಸರಿಗೆ ಇನ್ನೊಬ್ಬಳ ಔಷಧಿ ಜೋಡಿಸಿಬಿಟ್ಟಿತು. ಅವತ್ತೇ ಅದನ್ನು ಅಳಿಸಿಹಾಕಿದರು. ಈಗ ಕಣ್ಣಲ್ಲೇ ಓದುವುದು, ಅನುಮಾನ ಬಂದರೆ ಫೋನು ಮಾಡುವುದು, ಫೋನಿಲ್ಲದಿದ್ದರೆ ಭಾನುವಾರ ಮನೆ ಹುಡುಕಿಕೊಂಡು ಹೋಗುವುದು. ಗಂಡ ಮಹದೇವಪ್ರಸಾದ್ ಸ್ಕೂಟರಿನಲ್ಲಿ ಬಿಟ್ಟು ಬರುತ್ತಾರೆ. ಒಳಗೆ ಬರುವುದಿಲ್ಲ, ಬೀದಿ ತುದಿಯಲ್ಲೇ ಕಾಯುತ್ತಾರೆ. ಅಲ್ಲಿಯದನ್ನೂ ಸರಿಮಾಡಿಕೊಡುತ್ತೇನೆಂದು ಹೋದರೆ ವಿದ್ಯಾರಣ್ಯಪುರದ ನರ್ಸಿಂಗ್ ಹೋಂನವರು ಒಂದು ವರ್ಷ ಇವರನ್ನು ಒಳಗೇ ಬಿಟ್ಟಿರಲಿಲ್ಲ. ಅವರು ಕಾಗದಗಳನ್ನು ರದ್ದಿಗೆ ಹಾಕಿರಲಿಲ್ಲವಾದ್ದರಿಂದ ಅಲ್ಲಿಯ ಕೆಲಸ ಬೇಗ ಮುಗಿಯಿತು. "ನನ್ನ ಮಾತನ್ನ ಅವರು ಪೂರ್ತಿ ನಂಬಿರಲಿಲ್ಲ, ಅವರ ಪುಣ್ಯ" ಎಂದು ಗಿರಿಜಾಂಬಾ ನಕ್ಕರು. ಅಷ್ಟು ದಿನದಲ್ಲಿ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸುಮಿತ್ರಮ್ಮನವರ ಮನೆಗೆ ಅವರು ಹೋದದ್ದು ಕೆಲಸ ಬಿಟ್ಟ ಆರೇಳು ತಿಂಗಳ ಮೇಲೆ. ಮೊದಲ ಸಲ, ವಿಳಾಸ ಸರಿಯಿದೆಯೇ ನೋಡಲು ಬಂದೆ ಎಂದು ಹೇಳಿ, ಅವರು ಕೊಟ್ಟ ಕಾಫಿ ಕುಡಿದು ಎದ್ದುಬಂದರು. ಬಂದ ಕೆಲಸ ಬಾಯಿಗೆ ಬರಲೇ ಇಲ್ಲ. ಆ ಕಾಫಿ ನೆನೆಸಿಕೊಂಡರೆ ಸುಳ್ಳಿಗಿಂತ ಹೆಚ್ಚು ನಾಚಿಕೆಯಾಗುತ್ತದೆ ಎನ್ನುತ್ತಾರೆ. ಮರುವಾರ ಮತ್ತೆ ಹೋಗಿ, ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದರು. ಕಾಗದ ಮಾರಿಸಿದ್ದು, ಕವರ್ ಹೊದಿಸಿದ್ದು, ಒಂದನ್ನೂ ಬಿಡಲಿಲ್ಲ.

ಸುಮಿತ್ರಮ್ಮ ಆ ದಿನ ಏನು ಹೇಳಿದರೆಂದು ನಾನು ಅವರನ್ನೇ ಹೋಗಿ ಕೇಳಿದೆ. ಮೊಮ್ಮಗಳ ಜಡೆ ಹೆಣೆಯುತ್ತಿದ್ದ ಅವರು ಕೈ ನಿಲ್ಲಿಸದೆ ಹೇಳಿದರು: "ಹೊರಟು ಹೋಗು ಅನ್ನಲ್ಲ, ಆದ್ರೆ ಇವತ್ತು ನಿಂಗೆ ಒಂದು ಲೋಟ ನೀರು ಕೊಡೋಕೂ ನನ್ನ ಕೈ ಬರ್ತಿಲ್ಲ ಕಣಮ್ಮ ಅಂದೆ. ಇದ್ದಿದ್ದನ್ನ ಹೇಳ್ದೆ. ಆಮೇಲೆ ಒಳಗೆ ಹೋಗಿ ನಾನೇ ಅತ್ತೆ."

ಈಗ ಹೇಗೆ ಎಂದೆ. ಈಗ ಬಂದರೆ ಕೂರಿಸುತ್ತೇನೆ, ಮಾತೂ ಆಡುತ್ತೇನೆ, ಮರೆತಿದ್ದೇನೆ ಅಂತ ಮಾತ್ರ ಬರೆಯಬೇಡಿ ಎಂದರು.

ಆ ಓದಲಾಗದ ಸಾಲುಗಳ ನಡುವೆ ಅಕ್ಷತಾಳ ವಿವರ ಸಿಕ್ಕಿದ್ದು ಎರಡು ವರ್ಷ ಕಳೆದ ಮೇಲೆ. ಹೆಸರು ಮುರಿದಿತ್ತು, ತಾರೀಖು ಹಾಳಾಗಿತ್ತು. ಇಂಜೆಕ್ಷನ್ನಿನ ಹೆಸರಿನ ಒಂದಕ್ಷರವೂ ಕೆಟ್ಟಿರಲಿಲ್ಲ, ಡಾಕ್ಟರು ಅವತ್ತು ಕೊಟ್ಟದ್ದೇ ಅದು. ಅದನ್ನು ಕಂಡ ಬೆಳಿಗ್ಗೆ ಗಿರಿಜಾಂಬಾ ಅಂಗಡಿಗೆ ಹೋಗಲಿಲ್ಲ. ಹೆಸರನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ದಟ್ಟಗಳ್ಳಿಗೆ ಕೊಟ್ಟುಬಂದರು. ಅಕ್ಷತಾ ಅದನ್ನು ಪರ್ಸಿನಲ್ಲಿಟ್ಟುಕೊಂಡಿದ್ದಾಳೆ.

ಅಲ್ಲಿಂದಾಚೆಗೆ ಇನ್ನೊಂದು ಕೆಲಸವೂ ಸೇರಿಕೊಂಡಿದೆ. ಆಸ್ಪತ್ರೆಯಿಂದ ಮನೆಗೆ ಹೊರಡುವ ಪ್ರತಿ ತಾಯಿಗೂ ಆಕೆಯ ವಿವರವನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ ಕೊಡುವುದು. ಹೋದ ವರ್ಷ ಸಮ್ಮೇಳನದವರು ಮತ್ತೆ ಮಾತಾಡಲು ಕರೆದಿದ್ದರಂತೆ. ಇವರು ಹೋಗಲಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಇನ್ನೂ ಸಾವಿರದ ಹತ್ತಿರ ಹೆಸರು ಉಳಿದಿವೆ. ಅವು ಮುಗಿಯುವ ತನಕ ಅದು ಕೆಡದಿದ್ದರೆ ಸಾಕು, ಬೇರೇನೂ ಬೇಡ ಎನ್ನುತ್ತಾರೆ.

ನಾನು ಹೊರಡುವ ಹೊತ್ತಿಗೆ, ಬಟ್ಟೆಯಲ್ಲಿ ಸುತ್ತಿದ ಕೂಸನ್ನೆತ್ತಿಕೊಂಡು ಹೆಂಗಸೊಬ್ಬಳು ಮೆಟ್ಟಿಲಿಳಿದು ಬಂದಳು. ಗಿರಿಜಾಂಬಾ ಹಾಳೆಯನ್ನು ಅವಳ ಕೈಗಿತ್ತರು. ಓದಲು ಬರುವುದಿಲ್ಲ ಎಂದಳು. ಇವರು ನಿಂತಲ್ಲೇ ಪೂರ್ತಿ ಓದಿ ಹೇಳಿದರು. ಇದನ್ನ ಎಲ್ಲಿಡಲಿ ಎಂದು ಅವಳು ಕೇಳಿದಳು.

"ರೇಷನ್ ಕಾರ್ಡ್ ಜೊತೆ ಇಡಮ್ಮ. ಮುಂದೆ ಯಾವ ಆಸ್ಪತ್ರೆಗೆ ಹೋದ್ರೂ ತಗೊಂಡೋಗು, ಇಲ್ಲಿಗೆ ಬಂದ್ರೂ ಅಷ್ಟೇ. ನಮ್ಮನ್ನ ನಂಬ್ಕೊಂಡು ಬರಿಗೈಲಿ ಬರಬೇಡ."