ಹುಲ್ಲಿಗೆ ಹಾಕಿದ ಹಳೆಯ ನೀರು

ನಿನ್ನೆ ಮುಂಜಾನೆ ನಳದ ನೀರು ಬಂತು. ಅಡುಗೆಮನೆಯ ಡ್ರಮ್ಮಿನ ತಳದಲ್ಲಿ ಉಳಿದಿದ್ದ ಹಳೆಯ ನೀರನ್ನು ಬಕೀಟಿಗೆ ಬಗ್ಗಿಸುವಾಗ ಪಾಚಿಯ ಸಣ್ಣ ವಾಸನೆ ಬಂತು. ಕಾಕು ನೆನಪಾದರು.

ಕಾಕು ಎಂದರೆ ಚಿಕ್ಕಮ್ಮ, ಆದರೆ ಅವರು ನನಗೆ ಸಂಬಂಧಿಕರಲ್ಲ. ಮಾಳಮಡ್ಡಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯವರು. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ತೋಟಗಾರಿಕೆಯ ತರಬೇತಿ ಪಡೆದು, ಅಂಥವರೇ ನಾಲ್ಕಾರು ಜನರ ಜೊತೆ ರವಿವಾರ ಮುಂಜಾನೆ ಉದ್ಯಾನದ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಕೂಡುತ್ತಿದ್ದರು. ಗಿಡದ ತೊಂದರೆ ಯಾರು ಬೇಕಾದರೂ ಕೇಳಬಹುದಿತ್ತು. ಜನ ಮುದುಡಿದ ಎಲೆ, ಹುಳ ಬಿದ್ದ ಬದನೆಕಾಯಿ ಹಿಡಿದು ಬರುತ್ತಿದ್ದರು.

ನಾನು ಹೋದದ್ದು ನಮ್ಮ ಮನೆಯವರು ತೀರಿಕೊಂಡ ವರ್ಷ. ಅಂಗಳದಲ್ಲಿ ಅವರು ಹುಲ್ಲುಹಾಸು ಬೆಳೆಸಿದ್ದರು. "ಎಮ್ಮಿ ಇಲ್ಲ, ಆಕಳಿಲ್ಲ, ಹುಲ್ಲು ಯಾರಿಗ್ರಿ?" ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು. ಮನೆಯವರು ಹೋದ ಮೇಲೆ ಅದು ಹಳದಿಯಾಗತೊಡಗಿತು. ಅವರದೆಂದು ಜೀವ ಹಿಡಿದಿದ್ದುದು ಅದೊಂದೇ... ಅದೂ ಹೋದೀತೆಂಬ ಹೆದರಿಕೆಗೆ ಒಂದು ಹಿಡಿ ಹುಲ್ಲನ್ನು ಬೇರುಸಹಿತ ಕಿತ್ತು, ಕಾಗದದಲ್ಲಿ ಸುತ್ತಿಕೊಂಡು ಹೋದೆ.

ಏನಾದರೂ ಔಷಧ ಹೇಳುತ್ತಾರೆಂದುಕೊಂಡಿದ್ದೆ. ಕಾಕು ಬೇರನ್ನು ಮೂಸಿ ನೋಡಿ, "ನಿಮ್ಮ ಮನಿಗೆ ನಳಾ ಎಷ್ಟು ದಿನಕ್ಕ ಬರ್ತದರಿ?" ಎಂದರು. ಹುಲ್ಲಿಗೂ ಅದಕ್ಕೂ ಏನು ಸಂಬಂಧವೋ ತಿಳಿಯಲಿಲ್ಲ. ವಾರಕ್ಕೊಮ್ಮೆ ಎಂದೆ. ಮರುದಿನ ಮನೆಗೇ ಬಂದರು.

ಡ್ರಮ್ಮು, ಹಂಡೆ, ಕೊಡ ಎಲ್ಲವನ್ನೂ ಇಣುಕಿ ನೋಡಿ, ಹೊಸ ನೀರು ಬಂದಾಗ ಹಳೆಯದನ್ನು ಏನು ಮಾಡುತ್ತೀರಿ ಎಂದು ಕೇಳಿದರು. ಊರಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡುತ್ತಿದ್ದೆ. ನಳ ಬಂದೊಡನೆ ಹಳೆಯದನ್ನೆಲ್ಲ ಅಂಗಳಕ್ಕೆ ಸುರಿದು, ಪಾತ್ರೆ ತೊಳೆದು ಹೊಸದು ತುಂಬುವುದು. ಆಮೇಲೆ ಆ ಹೊಸ ನೀರನ್ನು ಹುಲ್ಲಿಗೆ ಹಾಕಲು ಮನಸ್ಸು ಬಾರದು. ಹುಲ್ಲು ಒಂದು ದಿನ ಮುಳುಗಿ, ಉಳಿದ ದಿನವೆಲ್ಲ ಒಣಗುತ್ತಿತ್ತು.

"ನಿಮ್ಮ ಮನಿಯವರು ಹ್ಯಾಂಗ ಹಾಕ್ತಿದ್ರು?"

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನೋಡಿರಲಿಲ್ಲ. ಕಾಕು ಬಿಡಲಿಲ್ಲ. ಚಹಾಕ್ಕಿಂತ ಮೊದಲೋ ಆಮೇಲೋ, ತಂಬಿಗೆಯಿಂದಲೋ ಪೈಪಿನಿಂದಲೋ ಎಂದು ಕೆದಕಿದರು. ಕೊನೆಗೆ ನೆನಪಾದದ್ದು ಒಂದು ಸದ್ದು... ನಾನು ಚಹಾಕ್ಕೆ ಇಡುವ ಹೊತ್ತಿಗೆ ಹಿತ್ತಲಲ್ಲಿ ತಗಡಿನ ಮುಚ್ಚಳ ಸರಿಯುತ್ತಿತ್ತು. ಹೋಗಿ ನೋಡಿದರೆ ಬಾಳೆಯ ಹಿಂದೆ ಒಂದು ಖಾಲಿ ಡ್ರಮ್ಮು, ಒಳಗೆ ಅವರ ತಂಬಿಗೆ. ಹಳೆಯ ನೀರನ್ನು ಅದರಲ್ಲಿ ತೆಗೆದಿಟ್ಟು, ದಿನಾ ಅಷ್ಟಷ್ಟೇ ಹುಲ್ಲಿಗೆ ಹಾಕುತ್ತಿದ್ದರು. ತೀರಿಹೋದವರ ಬಗ್ಗೆ ಹೊಸದೊಂದು ತಿಳಿದಂತಾಗಿ, ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಕಾಕು ಡ್ರಮ್ಮಿನೊಳಗಿನ ಜೇಡರ ಬಲೆ ತೆಗೆಯತೊಡಗಿದರು.

ಮಳೆಗಾಲಕ್ಕೆ ಮೊದಲೇ ಹುಲ್ಲು ಚೇತರಿಸಿತು, ಗೇಟಿನ ಬಳಿಯ ಮೂಲೆಯೊಂದು ಬಿಟ್ಟು. "ಅದು ಹೋತ್ರಿ," ಎಂದರು ಕಾಕು. "ಅಲ್ಲೆ ಏನು ಹಚ್ಚೋರು?" ಆಮೇಲೂ ಕಂಡಾಗೆಲ್ಲ ಅಲ್ಲಿ ಯಾವ ಗಿಡ ನೆಡುತ್ತೀರಿ ಎಂದೇ ಕೇಳುತ್ತಿದ್ದರು. ವಿಚಾರ ಮಾಡುತ್ತೇನೆ ಎನ್ನುತ್ತಿದ್ದೆ...

ಈ ಬೇಸಿಗೆಯಲ್ಲಿ ಕಾಕು ತೀರಿಕೊಂಡರು.

ನಿನ್ನೆ ಹಳೆಯ ನೀರನ್ನು ಹಿತ್ತಲ ಡ್ರಮ್ಮಿಗೆ ಸೇರಿಸಿ ಉದ್ಯಾನಕ್ಕೆ ಹೋದೆ. ರವಿವಾರ. ಕಾಕು ಕೂಡುತ್ತಿದ್ದ ಕುರ್ಚಿಯಲ್ಲಿ ಕಾಲೇಜಿನ ಹುಡುಗಿಯೊಬ್ಬಳಿದ್ದಳು. ಗೇಟಿನ ಮೂಲೆಗೆ ಏನು ಹಚ್ಚಲಿ ಎಂದು ಕೇಳಿದೆ. ಆಕೆ ಮಣ್ಣಿನ ಸುದ್ದಿ ಎತ್ತಲಿಲ್ಲ, ಬಿಸಿಲಿನ ಸುದ್ದಿ ಎತ್ತಲಿಲ್ಲ.

"ನಿಮ್ಮ ಮನಿಗೆ ನಳ ಎಷ್ಟು ದಿನಕ್ಕ ಬರ್ತೈತ್ರಿ?"

ಹೇಳಿದೆ. ಯೋಚಿಸಿ, ದುಂಡುಮಲ್ಲಿಗೆ ಎಂದಳು. ಹಚ್ಚುತ್ತೇನೆ. ಏನು ಹಚ್ಚಿದಿರಿ ಎಂದು ಕೇಳುವವರು ಮಾತ್ರ ಈಗ ಇಲ್ಲ.