ಬೋರ್ಡ್ ಇಲ್ಲದೆ ತಿರುಗಿದ ಡಿಸ್ಕ್

ಇದು ನಡೆದದ್ದೇ. ನಂಬಿ ಅಂತ ನಾನು ಯಾರ ಕಾಲನ್ನೂ ಹಿಡಿಯುವುದಿಲ್ಲ. ದೆವ್ವದ ಮಾತೆತ್ತಿದವರ ಮೇಲೆ ಉರಿದುಬೀಳುತ್ತಿದ್ದವನು ನಾನು. ಕೆಟ್ಟುಹೋದ ಹಾರ್ಡ್ ಡಿಸ್ಕ್‌ಗಳಿಂದ ಡೇಟಾ ತೆಗೆದುಕೊಡುವುದು ನನ್ನ ಕಸುಬು. ಕರೆಂಟು ಇದ್ದರೆ ಓಡುತ್ತದೆ, ಇಲ್ಲದಿದ್ದರೆ ಇಲ್ಲ, ಅಷ್ಟೇ ನನ್ನ ವೇದಾಂತ. ಆ ರಾತ್ರಿಯವರೆಗೆ...

ಜಯಲಕ್ಷ್ಮಿಪುರಂನಲ್ಲಿ ನನ್ನ ಅಂಗಡಿ. ಎಂಟೂವರೆಗೆ ಶಟರ್ ಅರ್ಧ ಇಳಿಸಿದ್ದೆ. ಅದರಡಿ ಬಗ್ಗಿಕೊಂಡು ಒಬ್ಬ ಹೆಂಗಸು ಒಳಗೆ ಬಂದರು. ಐವತ್ತರ ಆಸುಪಾಸು, ಕೈಯಲ್ಲಿ ಟವೆಲ್ ಸುತ್ತಿದ ಹಾರ್ಡ್ ಡಿಸ್ಕ್. ಹೆಸರು ಪುಟ್ಟಮ್ಮ, ಕೆಸರೆಯವರು.

"ನಾಳೆ ಬನ್ನಿ," ಅಂದೆ ಸಿಡುಕಿ.

"ನಾಳೆ ಬೆಳಿಗ್ಗೆ ಅತ್ತು ಗಂಟ್ಗೆ ನನ್ನ ಸ್ಟೇಷನ್‌ಗೆ ಕರ್ದವ್ರೆ ಸಾ..."

ವಿಷಯ ಇಷ್ಟು. ಕೃಷ್ಣಮೂರ್ತಿಪುರಂನ ಒಂದು ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿಯನ್ನು ಆರು ವರ್ಷ ನೋಡಿಕೊಂಡವರು ಈ ಪುಟ್ಟಮ್ಮ. ಅಜ್ಜಿ ತೀರಿಕೊಂಡ ದಿನ ಕೊರಳಿನ ಚಿನ್ನದ ಅವಲಕ್ಕಿ ಸರ ಕಾಣೆಯಾಯಿತು. ಕದ್ದದ್ದು ಇವರೇ ಅಂತ ಮನೆಯವರ ವಾದ. ಅಜ್ಜಿಯ ಕೋಣೆಯ ಬಾಗಿಲ ಕಡೆಗೆ ಕ್ಯಾಮೆರಾ ಇತ್ತು, ಆದರೆ ಅದೇ ವಾರ ವೋಲ್ಟೇಜ್ ಏರಿ ಅದರ ಡಿಸ್ಕ್ ಸುಟ್ಟಿತ್ತು. "ಅದರಲ್ಲಿದೆ ಅಂತೀಯಲ್ಲ, ನೀನೇ ತೆಗೆಸ್ಕೊಂಡು ಬಾ" ಅಂತ ಅಜ್ಜಿಯ ದೊಡ್ಡ ಮಗ ಡಿಸ್ಕನ್ನು ಇವರ ಮುಂದೆ ಎಸೆದಿದ್ದ.

"ಅದ್ರೊಳ್ಗೆ ನಾನಿವ್ನಿ ಸಾ. ಬರಿಗೈಲಿ ಆಚೆ ಬಂದಿರದು ಕಾಣ್ತದೆ. ನನ್ ಮಾನ ಉಳ್ಸದು ಅದೊಂದೇಯ."

"ಕೂತ್ಕೊಳಮ್ಮ," ಅಂದೆ.

ಸುಟ್ಟಿದ್ದು ತಳದ ಹಸಿರು ಬೋರ್ಡ್ ಮಾತ್ರ. ದೃಶ್ಯಗಳು ಇರುವುದು ಒಳಗಿನ ತಟ್ಟೆಗಳಲ್ಲಿ. ಅವನ್ನು ತಿರುಗಿಸಿ ಓದಿಸುವುದು ಬೋರ್ಡಿನ ಕೆಲಸ. ಅದೇ ಮಾದರಿಯ ಇನ್ನೊಂದು ಬೋರ್ಡ್ ನನ್ನ ಡಬ್ಬಿಯಲ್ಲಿತ್ತು. ಆದರೆ ಹಾಗೇ ಹಾಕಿದರೆ ನಡೆಯುವುದಿಲ್ಲ. ಹಳೆಯ ಬೋರ್ಡಿನಲ್ಲಿ ಎಂಟು ಕಾಲಿನ ಪುಟ್ಟ ಚಿಪ್ ಇರುತ್ತದೆ, ಆ ಡಿಸ್ಕಿನ ಜಾತಕವೆಲ್ಲ ಅದರಲ್ಲಿ. ಅದನ್ನು ಬಿಡಿಸಿ ಹೊಸದಕ್ಕೆ ಕೂರಿಸಬೇಕು.

ಆರು ಸ್ಕ್ರೂ ಬಿಚ್ಚಿ ಬೋರ್ಡ್ ತೆಗೆದೆ. ಬೋಳು ಡಿಸ್ಕನ್ನು ರಬ್ಬರ್ ಮ್ಯಾಟ್ ಮೇಲಿಟ್ಟು, ಚಿಪ್ಪಿನ ಬೆಸುಗೆ ಕರಗಲು ಬಿಸಿಗಾಳಿಯ ಗನ್ ಹಿಡಿದೆ. ಹೊಗೆ ಎದ್ದಿತು. ಹೊಗೆಯೊಳಗೆ ಇನ್ನೊಂದು ವಾಸನೆ... ನೋವಿನ ಮುಲಾಮು, ಹಳೇ ಹಾಸಿಗೆ. ಕಾಯಿಲೆಯವರ ಕೋಣೆಯ ವಾಸನೆ.

ಆಮೇಲೆ ಸದ್ದು. ಗುಂಯ್... ಸಣ್ಣಗೆ.

ಬಿಸಿಗಾಳಿ ಆರಿಸಿದೆ. ಸದ್ದು ನಿಲ್ಲಲಿಲ್ಲ. ಬೋರ್ಡ್ ಇಲ್ಲ, ವೈರ್ ಇಲ್ಲ... ಡಿಸ್ಕ್ ತಿರುಗುತ್ತಿತ್ತು!

ಎತ್ತಿಕೊಂಡೆ. ಓಡುವ ಡಿಸ್ಕನ್ನು ಓರೆ ಮಾಡಿದರೆ ಅದು ಕೈಗೆ ಎದುರೊತ್ತುತ್ತದೆ, ಈ ಕಸುಬಿನವರಿಗೆಲ್ಲ ಗೊತ್ತು. ಒತ್ತಿತು. ಒಂದೆರಡು ಕ್ಷಣ ನನ್ನ ಕೈಯಲ್ಲೇ ಮಿಸುಕಾಡಿ ನಿಂತಿತು.

ಊಟ ಮಾಡಿಲ್ಲ, ತಲೆ ಕೆಟ್ಟಿದೆ ಅಂತ ನನ್ನನ್ನೇ ಬೈದುಕೊಂಡೆ. ಪುಟ್ಟಮ್ಮನ ಕಡೆ ನೋಡಿದೆ. ಅವರ ಮುಖ ಆಗಲೇ ಬಿಳಚಿಕೊಂಡಿತ್ತು.

ಚಿಪ್ ಕೂರಿಸುವಷ್ಟರಲ್ಲಿ ಹತ್ತು ದಾಟಿತ್ತು. ಇನ್ನು ಬೋರ್ಡ್ ಇಟ್ಟು ಸ್ಕ್ರೂ ಬಿಗಿಯಬೇಕು, ಮೊದಲ ಸ್ಕ್ರೂ ಎರಡು ಸಲ ಕೈಜಾರಿ ಬಿತ್ತು. ತಪ್ಪು ಮಾಡಿದ್ದು ಆಗಲೇ.

"ಒಂಚೂರು ಇದನ್ನ ಹಿಡ್ಕೊಳಮ್ಮ, ಗಟ್ಟಿಯಾಗಿ."

ಅವರು ಹಿಂದೆ ಸರಿದರು. "ನಾನಾ ಸಾ?"

"ಹಿಡೀರಮ್ಮ, ಅದೇನು ಕಚ್ಚುತ್ತಾ?" ಅಂತ ರೇಗಿದೆ.

ಎರಡು ಕೈಯಲ್ಲಿ ಹಿಡಿದರು ಅಷ್ಟೆ... ಡಿಸ್ಕ್ ಕಿರುಚಿತು. ಬಾಣಲೆಯ ತಳವನ್ನು ಸೌಟಿನಿಂದ ಕೆರೆದ ಹಾಗೆ ಕರ್... ಕರ್... ಅವರ ಮಣಿಕಟ್ಟನ್ನೇ ತಿರುಚುತ್ತಿತ್ತು. ಮುಲಾಮಿನ ವಾಸನೆಗೆ ನನಗೆ ಉಸಿರು ಕಟ್ಟಿತು. "ಬಿಡೀ!" ಅಂತ ಕೂಗಿದೆ. ಅವರು ಬಿಡಲಿಲ್ಲ.

"ಅಮ್ಮಾವ್ರೇ... ನಾನು ಪುಟ್ಟಿ ಕಣ್ರವ್ವ... ಕಾಣ್ಸಿಬುಡಿ, ನಾನ್ ತಕ್ಕಂಡಿಲ್ಲ ಅಂತ..."

ಸದ್ದು ಇನ್ನೂ ಜೋರಾಯಿತು. ಅದರಲ್ಲಿ ಇದ್ದದ್ದು ದ್ವೇಷ. ಅಸಹ್ಯ. ಹಾಗೆನ್ನಲು ನನ್ನ ಹತ್ತಿರ ಆಧಾರವಿಲ್ಲ, ಆದರೂ ಹೇಳುತ್ತೇನೆ.

ಪಟ್ ಅಂತ ನಿಂತಿತು.

ಪುಟ್ಟಮ್ಮ ಅದನ್ನು ಮೇಜಿನ ಮೇಲಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡರು. ಅಂಗೈ ಕೆಂಪಗೆ ಬೆಂದಿತ್ತು.

"ನಾನ್ ಮುಟ್ಟುದ್ರೆ ಅಮ್ಮಾವ್ರಿಗೆ ಆಯ್ತಿರ್ಲಿಲ್ಲ ಸಾ," ಪಿಸುಗುಟ್ಟಿದರು. "ಉಚ್ಚೆ ಬಟ್ಟೆ ತೆಗ್ದು, ಮೈ ಒರ್ಸಿ ಆದ್ಮೇಲೆ ಮೈಲ್ಗೆ ಅಂತ ಸೊಸೆ ಕೈಲಿ ನೀರು ಚಿಮುಕುಸ್ಕತಿದ್ರು. ನನ್ ಲೋಟ ಬ್ಯಾರೆ, ಇತ್ತಿಲಲ್ಲೇ ಇರ್ತಿತ್ತು. ಸತ್ಮೇಲಾದ್ರೂ..."

ಬೋರ್ಡ್ ಬಿಗಿದು ಕರೆಂಟು ಕೊಟ್ಟೆ. ಟಕ್... ಟಕ್... ಟಕ್. ಒಳಗಿನ ತಟ್ಟೆಗಳು ಗೀರಿ ಹಾಳಾದರೆ ಬರುವ ಸದ್ದು ಅದು. ಬ್ರಹ್ಮ ಬಂದರೂ ಇನ್ನು ಓದಲಾಗದು. ಸತ್ತ ಮುದುಕಿಯೊಬ್ಬಳ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು.

ಬೆಳಿಗ್ಗೆ ಯಾರೂ ಕರೆಯದಿದ್ದರೂ ಠಾಣೆಗೆ ಹೋದೆ. ಅವರ ಪರವಾಗಿ ನಾಲ್ಕು ಮಾತು ಹೇಳೋಣ ಅಂತ. ದೊಡ್ಡ ಮಗ ಕುರ್ಚಿಯಲ್ಲಿ ಕೂತಿದ್ದ, ಪುಟ್ಟಮ್ಮ ಗೋಡೆಗೆ ಒತ್ತಿಕೊಂಡು ನಿಂತಿದ್ದರು.

"ಹೋಗಿದ್ದು ಬೋರ್ಡ್ ಮಾತ್ರ ಅಂತೀರಿ. ಮತ್ತೆ ಒಳಗಡೆ ಹೇಗ್ರೀ ಹಾಳಾಯ್ತು?" ಸಬ್ ಇನ್ಸ್‌ಪೆಕ್ಟರ್ ಕೇಳಿದರು.

ಏನಂತ ಹೇಳಲಿ? "ಗೊತ್ತಿಲ್ಲ ಸಾರ್."

"ನೀವೂ ಕಂಡ್ರಲ್ಲ ಸಾ... ಯೋಳಿ," ಅಂದರು ಪುಟ್ಟಮ್ಮ, ಮೆಲ್ಲಗೆ.

ದೊಡ್ಡ ಮಗ ನನ್ನ ಕಡೆ ತಿರುಗಿದ. "ಒಂದೇ ಮಾತು ಹೇಳಿ ಇವರೇ. ಅದನ್ನ ಇವಳು ಮುಟ್ಟಿದ್ಲಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಮುಟ್ಟಿದ್ರು," ಅಂದೆ.

ಸಬ್ ಇನ್ಸ್‌ಪೆಕ್ಟರ್ ಬರೆದುಕೊಂಡರು.

ಆ ಡಿಸ್ಕ್ ಹೇಗೆ ತಿರುಗಿತೋ ಇವತ್ತಿಗೂ ಗೊತ್ತಿಲ್ಲ. ಮೇಜಿನ ಮೇಲೆ ಬೋಳು ಡಿಸ್ಕ್ ಇದ್ದರೆ ಈಗಲೂ ಅದಕ್ಕೆ ಬೆನ್ನು ಮಾಡಿ ಕೂರಲಾರೆ. ಆದರೆ ಅವತ್ತು, ಹಿಡಿಯಲು ಹೇಳಿದ್ದು ನಾನೇ ಅನ್ನುವ ಒಂದು ಮಾತನ್ನು ನಾನು ಆಡಲಿಲ್ಲ. ಪುಟ್ಟಮ್ಮನನ್ನು ಒಳಗೆ ಕರೆದುಕೊಂಡು ಹೋದರು.