ತಾನಾಗಿ ತುಂಬದ ಪಾಸ್‌ವರ್ಡ್

ನಾನು ನಿಂತಿದ್ದದ್ದು ಹನೂರಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯ, ಅರ್ಜಿ ತುಂಬಿಕೊಡುವ ಆನ್‌ಲೈನ್ ಅಂಗಡಿಯೊಳಗೆ, ಬಾಗಿಲಿನ ಎಡಕ್ಕೆ, ಜೆರಾಕ್ಸ್ ಯಂತ್ರಕ್ಕೆ ಬೆನ್ನು ಕೊಟ್ಟು. ಹೋದ ವರ್ಷದ ಆಷಾಢ, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಅಲ್ಲಿಂದ ಕಂಪ್ಯೂಟರಿನ ಪರದೆ ನನಗೆ ಪೂರ್ತಿ ಕಾಣುತ್ತಿತ್ತು, ಕೀಬೋರ್ಡ್ ಅರ್ಧ ಮಾತ್ರ. ಇಷ್ಟನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಈ ಸಂಗತಿ ನಮ್ಮ ಬಂಡಳ್ಳಿಗೆ ತಲುಪುವಷ್ಟರಲ್ಲಿ ಕಂಪ್ಯೂಟರಿನಿಂದ ಹೊಗೆ ಬಂತು ಎನ್ನುವವರೂ ಹುಟ್ಟಿಕೊಂಡಿದ್ದರು. ಹೊಗೆ ಬರಲಿಲ್ಲ.

ನಾನು ಹೋಗಿದ್ದದ್ದು ಪಹಣಿ ತೆಗೆಸಲು. ನನಗಿಂತ ಮುಂಚೆ ಬಂದಿದ್ದವರು ಅಜ್ಜೀಪುರದ ತಾಯಿ ಮಗಳು. ಮಗಳು ಕೊಳ್ಳೇಗಾಲದಲ್ಲಿ ಪಿಯುಸಿ ಮುಗಿಸಿದ್ದಳು. ಕೃಷಿ ಪದವಿಗೆ ಸೀಟು ಸಿಕ್ಕಿತ್ತು. ಸರ್ಕಾರದ ವೆಬ್‌ಸೈಟಿಗೆ ಹೋಗಿ, ಈ ಸೀಟು ನನಗೆ ಒಪ್ಪಿಗೆ ಎಂದು ಅಂದು ಸಂಜೆಯೊಳಗೆ ಒತ್ತಬೇಕಿತ್ತು. ಒತ್ತದಿದ್ದರೆ, ಅಥವಾ ತಪ್ಪಿ ಬೇಡವೆಂದು ಒತ್ತಿದರೆ, ಸೀಟು ಇನ್ನೊಬ್ಬರ ಪಾಲು. ತಾಯಿ ಇದನ್ನು ನನಗೆ ಹೇಳಿ ಮುಗಿಸಿ, ಮತ್ತೆ ಮೊದಲಿಂದ ಹೇಳಿದರು.

ಅಂಗಡಿ ನಡೆಸುತ್ತಿದ್ದವರು ಯಳಂದೂರಿನಿಂದ ಹನೂರಿಗೆ ಸೊಸೆಯಾಗಿ ಬಂದ ಹೆಣ್ಣುಮಗಳು. ವಯಸ್ಸಾದವರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಕೈ ಬಹಳ ಚುರುಕು. ಪರದೆಯ ಮೇಲೆ ಏನೇ ಪ್ರಶ್ನೆ ಮೂಡಿದರೂ ಓದದೆ ನೀಲಿ ಬಣ್ಣದ ಬಟನ್ ಒತ್ತುವರು, ಕೆಲಸ ಮುಂದಕ್ಕೆ ಹೋಗುವುದು. ಜನರು ಸಿಮ್ ಬದಲಿಸುತ್ತಾರೆಂದು ಎಲ್ಲರ ಅರ್ಜಿಗೂ ತಮ್ಮ ಮೊಬೈಲ್ ನಂಬರನ್ನೇ ಕೊಡುವರು. ಪಾಸ್‌ವರ್ಡ್ ಏನಿಡಲಿ ಎಂದು ಕೇಳಿದರೆ ನಮ್ಮ ಕಡೆ ಹತ್ತರಲ್ಲಿ ಒಂಬತ್ತು ಮಂದಿ ಹೇಳುವುದು ಒಂದೇ ಹೆಸರು, ಬೆಟ್ಟದ ಮಾದಪ್ಪನದು. ಅದರ ಮುಂದೆ ಒಂದು ಎರಡು ಮೂರು. ಇಟ್ಟ ಮೇಲೆ ಬ್ರೌಸರೇ ಅದನ್ನು ನೆನಪಿಟ್ಟುಕೊಳ್ಳುತ್ತಿತ್ತು. ಮುಂದಿನ ಸಲ ಪುಟ ತೆರೆದು ಅರ್ಜಿ ನಂಬರು ಹಾಕಿದೊಡನೆ ಚುಕ್ಕಿ ಚುಕ್ಕಿಯಾಗಿ ತಾನೇ ತುಂಬಿಕೊಳ್ಳುತ್ತಿತ್ತು.

ಅಂದು ಅಕ್ಕ ವೆಬ್‌ಸೈಟಿನ ಹೆಸರನ್ನು ಅರ್ಧ ಟೈಪ್ ಮಾಡಿ ಹುಡುಕಿದರು. ಮೇಲೆ ಬಂದ ಮೊದಲನೆಯದನ್ನೇ ಒತ್ತಿದರು. ಲಾಂಛನ, ಬಣ್ಣ, ಅಕ್ಷರ ಎಲ್ಲ ಎಂದಿನಂತೆಯೇ ಇದ್ದವು. ಹುಡುಗಿಯ ಅರ್ಜಿ ನಂಬರು ಹಾಕಿದ ಮೇಲೂ ಪಾಸ್‌ವರ್ಡಿನ ಜಾಗ ಮಾತ್ರ ಖಾಲಿಯೇ ಇತ್ತು.

"ಇದ್ಯಾಕೋ ತುಂಬ್ಕತಿಲ್ವಲ್ಲ," ಎಂದರು ಅಕ್ಕ.

"ಮರ್ತೋಯ್ತೇನಕ್ಕ ಅದ್ಕೆ?" ತಾಯಿ ಕೇಳಿದರು.

"ಅದು ಮರ್ತ್ರೆ ನಾನು ಮರ್ತೀನಾ? ಮಾದಪ್ಪನ ಎಸ್ರು ಮರಿಯವ್ರು ಉಂಟಾ ಕಣವ್ವ?"

ಅವರೇ ಕೈಯಾರೆ ಸರಸರನೆ ಟೈಪ್ ಮಾಡಿದರು. "ಬೆರಳೋ ರಾಗಿಕಲ್ಲೋ ನಿಂದು," ಎಂದು ತಾಯಿ ನಕ್ಕರು. ನಾನೂ ನಕ್ಕೆ.

ಪರದೆ ಒಮ್ಮೆಲೇ ಕೆಂಪಾಯಿತು. ಅಂಚಿನಿಂದ ಅಂಚಿಗೆ ಕೆಂಪು. ಮುಚ್ಚುವ ಗುರುತಿಲ್ಲ, ಕೆಳಗಿನ ಪಟ್ಟಿಯಿಲ್ಲ, ಗಡಿಯಾರವಿಲ್ಲ. ಸ್ಪೀಕರಿನಿಂದ ಸೈರನ್ ಕೂಗತೊಡಗಿತು. ಅದರ ಮೇಲೆ ಒಂದು ಹೆಂಗಸಿನ ದನಿ, ಕಂಪ್ಯೂಟರಿಗೆ ಬೀಗ ಬಿದ್ದಿದೆ, ಆಫ್ ಮಾಡಬೇಡಿ, ಮಾಡಿದರೆ ಪೊಲೀಸರಿಗೆ ತಿಳಿಯುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದ್ದನ್ನೇ ಹೇಳುತ್ತಿತ್ತು. ನಡುವೆ ದೊಡ್ಡ ಅಕ್ಷರದಲ್ಲಿ ಸಹಾಯದ ಫೋನ್ ನಂಬರು.

ಸದ್ದು ಬರುತ್ತಿದ್ದದ್ದು ಅಂಗೈಯಗಲದ ಸ್ಪೀಕರಿನಿಂದ. ಆದರೂ ರಸ್ತೆಯಾಚೆಗೂ ಕೇಳುತ್ತಿತ್ತು. ಎದುರಿನ ಟೀ ಅಂಗಡಿಯ ಅಜ್ಜ ಲೋಟ ಹಿಡಿದುಕೊಂಡೇ ಬಾಗಿಲಿಗೆ ಬಂದರು.

"ಏನವ್ವಾ, ಆಂಬುಲೆನ್ಸು ಒಳೀಕೆ ನುಗ್ಬುಡ್ತಾ?"

"ಪೋಲೀಸ್ನವ್ರು ಬತ್ತಾರಾ? ನಮ್ ಕೂಸೇನ್ ಮಾಡ್ತು ಸಾ, ಸುಮ್ಕೆ ಕುಂತದೆ," ಎಂದು ತಾಯಿ ನನ್ನ ಕಡೆ ತಿರುಗಿದರು.

ಅಕ್ಕ ಕಂಪ್ಯೂಟರಿನ ಗುಂಡಿಯನ್ನು ಒತ್ತಿ ಹಿಡಿದು ಆರಿಸಿದರು. ಸದ್ದು ನಿಂತಿತು. ಮತ್ತೆ ಹಾಕಿ ಬ್ರೌಸರ್ ತೆರೆದಾಗ ಪುಟ್ಟ ಪ್ರಶ್ನೆಯೊಂದು ಮೂಡಿತು, ಮುಂಚೆ ತೆರೆದಿದ್ದ ಪುಟಗಳನ್ನೇ ಮತ್ತೆ ತೆರೆಯಲೇ ಎಂದು. ನಾನು ಓದಿ ಮುಗಿಸುವ ಮೊದಲೇ ಅವರು ನೀಲಿ ಬಟನ್ ಒತ್ತಿಯಾಗಿತ್ತು. ಮತ್ತೆ ಕೆಂಪು, ಮತ್ತೆ ಸೈರನ್. ನನಗೆ ನಿಜವಾದ ಭಯ ಹುಟ್ಟಿದ್ದು ಈ ಎರಡನೆಯ ಸಲ. ಆರಿಸಿದರೂ ಹೋಗದೆ ಕಾದು ಕೂತಿರುವಂಥದ್ದು ಆ ಪೆಟ್ಟಿಗೆಯೊಳಗೆ ಏನಿದೆ ಎನ್ನಿಸಿತು.

ಅಕ್ಕನ ಮುಖದ ಬಣ್ಣ ಇಳಿದಿತ್ತು. ಪರದೆಯ ಮೇಲಿನ ನಂಬರಿಗೆ ಫೋನ್ ಮಾಡಿದರು. ಆ ಕಡೆಯವನು ಕೂಡಲೇ ಎತ್ತಿಕೊಂಡ. ಸೈರನ್ ಜೋರಿದ್ದುದರಿಂದ ಅಕ್ಕ ಸ್ಪೀಕರಿಗೆ ಹಾಕಿದರು. ಅವನ ಮಾತನ್ನು ಎಲ್ಲರೂ ಕೇಳಿದೆವು. ಮೆತ್ತಗಿನ ಪೇಟೆ ಕನ್ನಡ.

"ಗಾಬರಿ ಆಗ್ಬೇಡಿ ಮೇಡಂ. ಈಗ ನಿಮ್ಮ ಮೊಬೈಲಿಗೆ ಆರು ಅಂಕಿ ಬರುತ್ತೆ. ಅದನ್ನ ಓದಿ ಹೇಳಿ, ಬೀಗ ತೆಗೀತೀವಿ."

ಫೋನು ಟಣ್ ಎಂದಿತು. ಅಕ್ಕ ಸಂದೇಶ ತೆರೆದು ಬಾಯಿ ತೆರೆದರು. ಮೊದಲ ಅಂಕಿ ಹೇಳಿಯೂ ಬಿಟ್ಟರು.

ಅಕ್ಕನ ಭುಜದ ಮೇಲಿಂದ ಬಗ್ಗಿ ಆ ಸಂದೇಶ ಓದುತ್ತಿದ್ದ ಹುಡುಗಿ ಅಂಗೈಯನ್ನು ಫೋನಿನ ಮೇಲೆ ಅಡ್ಡ ಇಟ್ಟಳು.

"ಬ್ಯಾಡಕ್ಕ, ಏಳ್ಬ್ಯಾಡ! ಇದ್ರಲ್ಲಿ ನನ್ ಎಸರದೆ. ಪಾಸ್‌ವರ್ಡ್ ಬದಲಾಯ್ಸಕ್ಕೆ ಅಂತ ಬರ್ದದೆ. ಯಾರ್ಗೂ ಕೊಡ್ಬ್ಯಾಡಿ ಅಂತ್ಲೂ ಬರ್ದದೆ."

"ಮೇಡಂ, ಟೈಮ್ ಆಗ್ತಿದೆ, ಬೇಗ," ಎಂದಿತು ಫೋನು.

"ನಮ್ ಕೂಸಿನ್ ಸೀಟು ಇವುನ್ಗ್ಯಾಕವ್ವಾ?" ಎಂದು ತಾಯಿ ಅಳತೊಡಗಿದರು. ಅಕ್ಕ ಫೋನ್ ಕಡಿದು, ಸುಡುವ ವಸ್ತುವಿನಂತೆ ಮೇಜಿನ ಮೇಲಿಟ್ಟರು. ಅದು ಮತ್ತೆ ಹೊಡೆದುಕೊಂಡಿತು. ಮತ್ತೆ ಮತ್ತೆ ಹೊಡೆದುಕೊಂಡಿತು.

ಅವನಿಗೆ ಒಬ್ಬ ಹುಡುಗಿಯ ಸೀಟಿನಿಂದ ಏನಾಗಬೇಕಿತ್ತು ಎಂಬುದು ನನಗೆ ಈಗಲೂ ಗೊತ್ತಿಲ್ಲ. ಗೊತ್ತಿರುವುದನ್ನಷ್ಟೇ ಬರೆಯುತ್ತಿದ್ದೇನೆ.

ಕಾಲೇಜಿನ ಲ್ಯಾಬಿನಲ್ಲಿ ಒಮ್ಮೆ ಹೀಗಾಗಿತ್ತೆಂದು ಹುಡುಗಿ ಹೇಳಿದಳು. ಕೀಬೋರ್ಡಿನ ಮೂಲೆಯ ಎಸ್ಕೇಪ್ ಕೀಲಿಯನ್ನು ಬೆರಳು ಎತ್ತದೆ ಒತ್ತಿ ಹಿಡಿದಳು. ಕೆಂಪು ಪುಟ ಕುಗ್ಗಿತು. ಕೆಳಗಿನ ಪಟ್ಟಿಯೂ ಗಡಿಯಾರವೂ ಕಂಡವು. ಅದು ಬರೀ ಒಂದು ಪುಟ, ಪರದೆಯಷ್ಟು ಅಗಲಕ್ಕೆ ಹಿಗ್ಗಿಸಿಟ್ಟದ್ದು. ಅಕ್ಕನ ಕೈಗೆ ಆಗ ಚುರುಕು ಮರಳಿತು. ಬ್ರೌಸರನ್ನೇ ಬಲವಂತವಾಗಿ ಮುಚ್ಚಿದರು. ಮತ್ತೆ ತೆರೆದಾಗ ಅದೇ ಪ್ರಶ್ನೆ, ಅದೇ ನೀಲಿ ಬಟನ್. ಬಾಣದ ಗುರುತು ಅದರ ಮೇಲೆ ಹೋಗಿ ನಿಂತಿತು. ಅಕ್ಕ ಪ್ರಶ್ನೆಯನ್ನು ತುಟಿ ಅಲ್ಲಾಡಿಸಿ ಪೂರ್ತಿ ಓದಿದರು, ಬೇಡವೆಂದು ಮುಚ್ಚಿದರು.

ಈ ಸಲ ಹುಡುಕಲಿಲ್ಲ. ತಾನು ತಂದಿದ್ದ ಪರೀಕ್ಷೆಯ ಪ್ರವೇಶ ಪತ್ರದ ಮೇಲೆ ಅಚ್ಚಾಗಿದ್ದ ವಿಳಾಸವನ್ನು ಹುಡುಗಿ ಒಂದೊಂದೇ ಅಕ್ಷರ ಹೇಳಿದಳು, ಅಕ್ಕ ಒಂದೊಂದೇ ಅಕ್ಷರ ಒತ್ತಿದರು. ಅಷ್ಟು ನಿಧಾನವಾಗಿ ಆ ಕೈ ಆಡಿದ್ದನ್ನು ನಾನು ಕಂಡಿರಲಿಲ್ಲ. ಪುಟ ಬಂತು. ಆ ಮೊದಲ ಪುಟಕ್ಕೂ ಇದಕ್ಕೂ ನನಗೆ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಇಲ್ಲಿ ಅರ್ಜಿ ನಂಬರು ಹಾಕುತ್ತಲೇ ಚುಕ್ಕಿಗಳು ತಾವಾಗಿ ತುಂಬಿಕೊಂಡವು.

"ಆಗ್ಲೇ ಏಳ್ತು ಕಣ್ರಿ ಇದು," ಎಂದರು ಅಕ್ಕ, ಪರದೆ ನೋಡುತ್ತಲೇ. "ಇದು ನನ್ ಬಾಗ್ಲಲ್ಲ ಅಂತ ಏಳ್ತು. ನಾನೇ ಬಾಯಿಪಾಠ ಅಂತ ಬೀಗ ತಗ್ದ್ಕೊಟ್ಟೆ."

ಬ್ರೌಸರ್ ಯಾವ ಪಾಸ್‌ವರ್ಡನ್ನು ಯಾವ ವಿಳಾಸಕ್ಕೆ ಇಟ್ಟುಕೊಂಡಿತ್ತೋ ಅದೇ ವಿಳಾಸಕ್ಕೆ ಮಾತ್ರ ಕೊಡುತ್ತದೆ. ಮುಖ ಎಷ್ಟೇ ಹೋಲಲಿ, ಬೇರೆ ವಿಳಾಸಕ್ಕೆ ಕೊಡುವುದಿಲ್ಲ. ಊರಿಗೆಲ್ಲ ಒಂದೇ ಪಾಸ್‌ವರ್ಡ್ ಇಲ್ಲದಿದ್ದರೆ ಅಕ್ಕನಿಗೂ ಅದು ಬಾಯಿಗೆ ಬರುತ್ತಿರಲಿಲ್ಲ, ಅನುಮಾನವಾದರೂ ಬರುತ್ತಿತ್ತು.

ಹುಡುಗಿಯ ಹೆಸರಿನ ಕೆಳಗೆ ಸೀಟು ಹಾಗೆಯೇ ಇತ್ತು. ಒಪ್ಪಿಗೆ ಒತ್ತುವ ಮುಂಚೆ ಅಕ್ಕ ಪುಟದ ವಿಳಾಸವನ್ನು ನನ್ನಿಂದಲೂ ಓದಿಸಿದರು. ಒತ್ತಿದರು. ಪ್ರಿಂಟ್ ಬಂತು. ತಾಯಿ ಆ ಹಾಳೆಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿ ನೆಲದ ಮೇಲೆಯೇ ಕೂತುಬಿಟ್ಟರು. ಹೊಸ ಪಾಸ್‌ವರ್ಡ್ ಹಾಕುವಾಗ ಅಕ್ಕ ಎದ್ದು ಕುರ್ಚಿಯನ್ನು ಹುಡುಗಿಗೆ ಬಿಟ್ಟು, ತಾವು ಗೋಡೆಯ ಕಡೆ ಮುಖ ಮಾಡಿ ನಿಂತರು. ನಮಗೂ ತಿರುಗಲು ಹೇಳಿದರು. ಬಚ್ಚಲ ಮುಂದೆ ನಿಂತವರ ಹಾಗೆ ಎಲ್ಲರೂ ಬೆನ್ನು ತಿರುಗಿಸಿ ನಿಂತೆವು, ಅಜ್ಜನೂ ಸಹ.

ಆಮೇಲೆ ಅಕ್ಕ ಬ್ರೌಸರ್ ನೆನಪಿಟ್ಟಿದ್ದ ಪಾಸ್‌ವರ್ಡುಗಳ ಪಟ್ಟಿ ತೆರೆದರು. ಬಂಡಳ್ಳಿಯವರು, ಮಾರ್ಟಳ್ಳಿಯವರು, ಅಜ್ಜೀಪುರದವರು ಕೆಳಕ್ಕೆ ಇಳಿಯುತ್ತಲೇ ಹೋದರು. ನಡುವೆ ನಾನೂ ಇದ್ದೆ. ಎಲ್ಲರ ಮುಂದೆಯೂ ಬರೀ ಚುಕ್ಕಿಗಳು. ಆ ಚುಕ್ಕಿಗಳ ಹಿಂದೆ ಏನಿದೆ ಎಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಸೈರನ್ನಿಗಿಂತ ಹೆಚ್ಚು ನಾನು ಹೆದರಿದ್ದು ಆ ಪಟ್ಟಿಗೆ. ಪಹಣಿ ಕೇಳುವುದನ್ನೂ ಮರೆತು ಬಸ್ಸು ಹತ್ತಿದೆ.

ಟೀ ಅಂಗಡಿಯ ಅಜ್ಜ ಈ ವರ್ಷ ತೀರಿಕೊಂಡರು. ಇದನ್ನು ಕಂಡವರಲ್ಲಿ ನನ್ನನ್ನು ಬಿಟ್ಟರೆ ಈಗ ಇರುವವರು ಮೂವರು. ಅಂಗಡಿಯ ಅಕ್ಕ ಅಲ್ಲೇ ಇದ್ದಾರೆ. ಅವರ ಕೈ ಈಗ ನಿಧಾನ, ಬಾಗಿಲಾಚೆಗೂ ಜನ ಕಾಯುತ್ತಾರೆ. ಅಜ್ಜೀಪುರದಲ್ಲಿ ತಾಯಿ ಇದ್ದಾರೆ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಅದನ್ನು ರಾಗಿ ಡಬ್ಬದೊಳಗೆ ಇಟ್ಟು ಮುಚ್ಚುತ್ತಾರಂತೆ. ಮಗಳು ಕೃಷಿ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅವಳ ಪಾಸ್‌ವರ್ಡ್ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.